ಕಾನ್ಸಾಸ್‌ನ ಸಾರ್ವಜನಿಕ ನೆಲದಲ್ಲಿ ಫೆಸೆಂಟ್ ಮತ್ತು ಲಾವಕ್ಕಿ ಬೇಟೆ: ನನ್ನ ಅನುಭವ

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ನೂರಕ್ಕೆ ಸುಮಾರು 97ರಷ್ಟು ನೆಲ ಖಾಸಗಿಯವರ ಒಡೆತನದಲ್ಲಿದೆ. ಜಮೀನು ಹೊಂದಿರುವ ಬಂಧುಗಳಾಗಲಿ ಹಳೆಯ ಪರಿಚಯಗಳಾಗಲಿ ಇಲ್ಲದ ನನ್ನಂಥ ವಲಸಿಗನಿಗೆ ಇಲ್ಲಿ ಬೇಟೆಯ ಹಕ್ಕಿ ಸಿಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ, 1995ರಲ್ಲಿ ಈ ರಾಜ್ಯದ ವನ್ಯಜೀವಿ ಇಲಾಖೆ ಆರಂಭಿಸಿದ 'ವಾಕ್-ಇನ್' ಯೋಜನೆಯಲ್ಲಿದೆ. ಇಲಾಖೆಯು ರೈತರಿಂದ ಭೂಮಿಯನ್ನು ಬೇಟೆಯ ಹಂಗಾಮಿಗೆ ಗುತ್ತಿಗೆಗೆ ಪಡೆದು, ಅಂಚಿನಲ್ಲಿ ಫಲಕ ನೆಟ್ಟು, ಪರವಾನಗಿ ಇರುವ ಯಾರು ಬೇಕಾದರೂ ನಡೆದು ಒಳಹೋಗುವುದಕ್ಕೆ ಅವಕಾಶ ಕೊಡುತ್ತದೆ. ಹೀಗೆ ತೆರೆದುಕೊಂಡಿರುವ ನೆಲ ಈಗ ಹತ್ತು ಲಕ್ಷ ಎಕರೆಗೂ ಮೀರಿದೆ. ಇದರ ಜೊತೆಗೆ ಇಲಾಖೆಯದೇ ವನ್ಯಜೀವಿ ಪ್ರದೇಶಗಳಿವೆ. ನೈಋತ್ಯದ ಮೂಲೆಯಲ್ಲಿ 1,08,000 ಎಕರೆಯ ಸಿಮರಾನ್ ರಾಷ್ಟ್ರೀಯ ಹುಲ್ಲುಗಾವಲಿದೆ. ನೆಲಕ್ಕೆ ಕೊರತೆಯಿಲ್ಲ, ಅಷ್ಟು ನೆಲದಲ್ಲಿ ಹಕ್ಕಿ ಇರುವ ಚೂರು ಯಾವುದೆಂದು ಕಂಡುಕೊಳ್ಳುವುದೇ ಕೆಲಸ.

ಮೊದಲು ಕಾನೂನಿನ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಕ್ಕಿಗಳ ಬೇಟೆ ಅಪರಾಧವಾದ್ದರಿಂದ, ಇಲ್ಲಿ ಹೇಳುವ ಯಾವುದೂ ಊರಿಗೆ ಅನ್ವಯಿಸುವುದಿಲ್ಲ. ಕಾನ್ಸಾಸ್‌ನಲ್ಲಿ 1957ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಈ ನಿಷೇಧಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತಿಲ್ಲ; ಸ್ನೇಹಿತನ ಬಂದೂಕನ್ನು ಕೈಗೆ ತೆಗೆದುಕೊಳ್ಳುವ ಮುನ್ನವೇ ಇದನ್ನು ತಿಳಿದಿರುವುದು ಕ್ಷೇಮ. ಹಂಗಾಮು ನವೆಂಬರ್‌ನಲ್ಲಿ ಆರಂಭವಾಗಿ ಜನವರಿ 31ಕ್ಕೆ ಮುಗಿಯುತ್ತದೆ. ಕೋಳಿಯ ಜಾತಿಗೆ ಸೇರಿದ ಉದ್ದ ಬಾಲದ ಹಕ್ಕಿಯಾದ ಫೆಸೆಂಟ್‌ನ ನಾಲ್ಕು ಹುಂಜಗಳು ಮತ್ತು ಎಂಟು ಲಾವಕ್ಕಿಗಳು ದಿನದ ಮಿತಿ. ಫೆಸೆಂಟ್ ಹೇಂಟೆಯನ್ನು ಹೊಡೆಯುವಂತಿಲ್ಲ.

ನನ್ನ ಬೇಟೆ ಸೆಪ್ಟೆಂಬರ್‌ನಲ್ಲಿ ಮೇಜಿನ ಮುಂದೆ ಆರಂಭವಾಗುತ್ತದೆ. ಇಲಾಖೆಯು ವಸಂತದಲ್ಲಿ ಹುಂಜಗಳ ಕೂಗನ್ನೂ ಬೇಸಿಗೆಯ ಕೊನೆಯಲ್ಲಿ ರಸ್ತೆಬದಿಯಲ್ಲಿ ಕಾಣುವ ಮರಿಗಳನ್ನೂ ಎಣಿಸಿ, ರಾಜ್ಯದ ಯಾವ ಭಾಗದಲ್ಲಿ ಹಕ್ಕಿ ಹೆಚ್ಚಿದೆ ಎಂಬ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಅದರಿಂದ ಯಾವ ಜಿಲ್ಲೆಗಳ ಕಡೆ ಹೋಗಬೇಕೆಂಬುದು ಮಾತ್ರ ತೀರ್ಮಾನವಾಗುತ್ತದೆ. ಅನಂತರ ಇಲಾಖೆಯ ಬೇಟೆ ಅಟ್ಲಾಸನ್ನೂ ಉಪಗ್ರಹ ಚಿತ್ರವನ್ನೂ ಜೊತೆಜೊತೆಯಲ್ಲಿಟ್ಟು, ಗುತ್ತಿಗೆಯ ಒಂದೊಂದು ತುಂಡನ್ನೂ ನೋಡುತ್ತೇನೆ. ನಾನು ಹುಡುಕುವುದು ಮೂರು ಸಂಗತಿಗಳನ್ನು: ರಾತ್ರಿ ತಂಗಲು ಎತ್ತರದ ಹುಲ್ಲು, ಮೇಯಲು ಕಾಳಿನ ಹೊಲ, ಗಾಳಿ ಮತ್ತು ಗಿಡುಗನಿಂದ ತಪ್ಪಿಸಿಕೊಳ್ಳಲು ಪೊದೆ ಅಥವಾ ಜೊಂಡು. ಒಂದೇ ಬಗೆಯ ಹುಲ್ಲು ಆರುನೂರು ಎಕರೆ ಹರಡಿರುವ ಜಮೀನಿಗಿಂತ, ಈ ಮೂರೂ ಒಂದರ ಪಕ್ಕ ಒಂದು ಸೇರುವ ಎಂಬತ್ತು ಎಕರೆಯೇ ನನಗೆ ಮೇಲು. ಗುತ್ತಿಗೆಯಲ್ಲಿರುವ ಹುಲ್ಲುಭೂಮಿ ಬಹುಪಾಲು 1985ರ ಕೃಷಿ ಕಾಯ್ದೆಯಿಂದ ಹುಟ್ಟಿದ ಸಿಆರ್‌ಪಿ (ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ) ಯೋಜನೆಯದು. ಸವಕಳಿಯಾಗುವ ಹೊಲವನ್ನು ಹತ್ತರಿಂದ ಹದಿನೈದು ವರ್ಷ ಉಳದೆ ಬಿಡುವ ರೈತನಿಗೆ ಸರ್ಕಾರ ಬಾಡಿಗೆ ಕೊಡುತ್ತದೆ. ಬರಗಾಲದಲ್ಲಿ ಅದೇ ಹುಲ್ಲನ್ನು ಮೇವಿಗೆ ಕೊಯ್ಯಲು ಅನುಮತಿ ಸಿಗುವುದುಂಟು. ಆದ್ದರಿಂದ ಚಿತ್ರದಲ್ಲಿ ಸೊಂಟದೆತ್ತರ ಕಂಡ ಹುಲ್ಲು ನೆಲದ ಮೇಲೆ ಬೋಳಾಗಿರಬಹುದು. ಹೋಗಿ ನೋಡದೆ ನಂಬುವಂತಿಲ್ಲ.

ಹಾಗೆ ಹೋಗಿ ನೋಡುವ ಕಾಲ ಅಕ್ಟೋಬರ್. ಆಗ ಬಂದೂಕು ಮನೆಯಲ್ಲೇ ಇರುತ್ತದೆ. ಸೂರ್ಯೋದಯಕ್ಕೆ ಸುಮಾರು ಅರ್ಧ ಗಂಟೆ ಮೊದಲು ಹೊಲದ ಅಂಚಿನಲ್ಲಿ ಸುಮ್ಮನೆ ನಿಂತರೆ, ಇಲ್ಲಿನ ಮೂಲ ಹಕ್ಕಿಯಾದ ಬಾಬ್‌ವೈಟ್ ಲಾವಕ್ಕಿಯ ಗುಂಪುಗಳು ರಾತ್ರಿ ತಂಗಿದ ಜಾಗದಿಂದಲೇ ಒಂದಕ್ಕೊಂದು ಕೂಗಿ ತಮ್ಮ ಇರವನ್ನು ತಿಳಿಸುವುದು ಕೇಳುತ್ತದೆ. ವಸಂತದ 'ಬಾಬ್-ವೈಟ್' ಸಿಳ್ಳೆಯಲ್ಲ ಇದು. ಎರಡು ಸ್ವರದ, ಕೊನೆಗೆ ಮೇಲಕ್ಕೆಳೆಯುವ ಗಟ್ಟಿ ಕೂಗು. ಕೆಲವೇ ನಿಮಿಷಗಳಲ್ಲಿ ಎಲ್ಲವೂ ನಿಂತುಹೋಗುವುದರಿಂದ, ಕೂಗು ಬಂದ ದಿಕ್ಕನ್ನು ಆಗಿಂದಾಗಲೇ ನಕ್ಷೆಯಲ್ಲಿ ಗುರುತಿಸಿಕೊಳ್ಳುತ್ತೇನೆ. ಇಡೀ ದಿನ ನಡೆದು ತಿಳಿಯುವುದಕ್ಕಿಂತ ಹೆಚ್ಚು ಈ ಹೊತ್ತಿನಲ್ಲಿ ತಿಳಿಯುತ್ತದೆ. ವಿಚಿತ್ರವೆಂದರೆ, ಈ ಹೊತ್ತಿನಲ್ಲಿ ಬೇರೆ ಯಾವ ಬೇಟೆಗಾರನನ್ನೂ ನಾನು ಕಂಡದ್ದು ಅಪರೂಪ.

ಫೆಸೆಂಟ್‌ನ ದಿನಚರಿ ತಿಳಿದರೆ ಅರ್ಧ ಹುಡುಕಾಟ ಮುಗಿದಂತೆ. ಏಷ್ಯಾದಿಂದ ತಂದು ಬಿಟ್ಟ ಈ ಹಕ್ಕಿ ಇಲ್ಲಿನ ಗೋಧಿ ಮತ್ತು ಜೋಳದ ಸೀಮೆಗೆ ಪೂರ್ತಿಯಾಗಿ ಒಗ್ಗಿಕೊಂಡಿದೆ. ರಾತ್ರಿ ಹುಲ್ಲಿನಲ್ಲಿ ತಂಗಿ, ಬೆಳಕಾದ ಮೇಲೆ ನಡೆದೇ ಕಾಳಿನ ಹೊಲಕ್ಕೆ ಹೋಗುತ್ತದೆ. ಬಿಸಿಲೇರಿದಾಗ ಹೊಲದಂಚಿನ ಕಳೆ, ಹಳ್ಳದ ಜೊಂಡು, ಬೇಲಿಸಾಲುಗಳಿಗೆ ಸರಿಯುತ್ತದೆ. ಸಂಜೆ ಇನ್ನೊಮ್ಮೆ ಮೇಯ್ದು ಹುಲ್ಲಿಗೆ ಮರಳುತ್ತದೆ. ಆದ್ದರಿಂದ ಬೆಳಿಗ್ಗೆ ಕೂಳೆ ಮತ್ತು ಹುಲ್ಲು ಕೂಡುವ ಅಂಚನ್ನೂ, ನಡುಹಗಲು ಹಳ್ಳವನ್ನೂ, ಕೊನೆಯ ಒಂದು ಗಂಟೆ ಹುಲ್ಲಿನ ಒಳಭಾಗವನ್ನೂ ನಡೆಯುತ್ತೇನೆ. ಯಾವ ಹೊಲದ ಅಂಚು ಎಂಬುದನ್ನು ಹೊಡೆದ ಮೊದಲ ಹಕ್ಕಿಯೇ ಹೇಳುತ್ತದೆ. ಅದರ ಕುತ್ತಿಗೆಯ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲವನ್ನು ಹೊಲದಲ್ಲೇ ಚೂರಿಯಿಂದ ಸೀಳಿ ಅಂಗೈಯಲ್ಲಿ ಸುರಿದುಕೊಳ್ಳುತ್ತೇನೆ. ಅದರಲ್ಲಿ ಹೆಚ್ಚಾಗಿ ಸಿಗುವುದು ಇಲ್ಲಿನವರು ಮೈಲೋ ಎನ್ನುವ ಕೆಂಪು ಜೋಳ, ಇನ್ನೂ ಬೆಚ್ಚಗಿರುವ, ಮಿಡತೆಯ ಕಾಲೊಂದು ಅಂಟಿಕೊಂಡಿರುವ ಕಾಳುಗಳು. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಇದು; ವಿಜಯಪುರದ ಕಡೆಯ ನನಗೆ ಕೂಳೆಯ ಗುರುತು ಹಿಡಿಯಲು ಯಾರೂ ಕಲಿಸಬೇಕಾಗಲಿಲ್ಲ. ಚೀಲದಲ್ಲಿ ಜೋಳವಿದ್ದರೆ ಜೋಳದ ಕೂಳೆಗೆ, ಕಳೆಬೀಜವಿದ್ದರೆ ಕೊಯ್ಲಾದ ಮೇಲೆ ಕಳೆ ಬೆಳೆದ ಗೋಧಿಯ ಕೂಳೆಗೆ ಆ ದಿನದ ಉಳಿದ ನಡಿಗೆ ಹೊರಳುತ್ತದೆ.

ನನ್ನ ಬಳಿ ನಾಯಿಯಿಲ್ಲ. ಹಾಗಾಗಿ ನಡೆಯುವ ಬಗೆಯ ಮೇಲೆಯೇ ಎಲ್ಲವೂ ನಿಂತಿದೆ. ಹಂಗಾಮಿನ ಮೊದಲ ವಾರದ ನಂತರ ಉಳಿಯುವ ಹುಂಜಗಳೆಲ್ಲ ಕಾರಿನ ಬಾಗಿಲ ಸದ್ದನ್ನು ಅರಿತವು. ಅದಕ್ಕಾಗಿ ಕಾರನ್ನು ದೂರ ನಿಲ್ಲಿಸಿ, ಬಾಗಿಲನ್ನು ಒತ್ತಿ ಮುಚ್ಚಿ, ಮಾತಿಲ್ಲದೆ ಗಾಳಿಗೆ ಎದುರಾಗಿ ಹೊರಡುತ್ತೇನೆ. ಎಲ್ಲರೂ ಫಲಕದ ಬಳಿ ಕಾರು ನಿಲ್ಲಿಸಿ ಅಲ್ಲಿಂದಲೇ ಒಳಗೆ ನಡೆಯುವುದರಿಂದ, ಜಮೀನಿನ ಆಚೆಯ ಮೂಲೆಗೆ ಸುತ್ತುಹಾದಿಯಲ್ಲಿ ಹೋಗಿ ರಸ್ತೆಯ ಕಡೆಗೆ ಬೇಟೆಯಾಡುತ್ತ ಬರುವುದು ನನಗೆ ಹೆಚ್ಚು ಫಲ ಕೊಟ್ಟಿದೆ. ನೇರ ಗೆರೆಯಲ್ಲಿ ನಡೆದರೆ ಫೆಸೆಂಟ್ ಮುಂದೆ ಓಡುತ್ತದೆ ಅಥವಾ ಅಡಗಿ ಕುಳಿತು ನಮ್ಮನ್ನು ದಾಟಿಹೋಗಲು ಬಿಡುತ್ತದೆ. ಅಡ್ಡಾದಿಡ್ಡಿ ನಡೆದು, ಮೂವತ್ತು ನಲವತ್ತು ಹೆಜ್ಜೆಗೊಮ್ಮೆ ಪೂರ್ತಿ ನಿಂತುಬಿಡಬೇಕು. ಕಾಲಸಪ್ಪಳ ನಿಂತಾಗಲೇ ಅಡಗಿದ ಹಕ್ಕಿಗೆ ದಿಗಿಲು. ಹುಲ್ಲು ಮುಗಿದು ಬಯಲು ತೆರೆಯುವಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲಬೇಕು. ಓಡಿ ಬಂದ ಹುಂಜ ಬಯಲಿಗೆ ಕಾಲಿಡಲು ಹೆದರಿ ಕೊನೆಯ ಗಜಗಳಲ್ಲೇ ಕುಳಿತಿರುತ್ತದೆ. ಎದ್ದಾಗ ಉದ್ದ ಬಾಲ, ಕೊರಳಿನ ಬಿಳಿ ಪಟ್ಟಿ ಮತ್ತು ಒರಟು ಕೂಗು ಹುಂಜವನ್ನು ಗುರುತಿಸಿಕೊಡುತ್ತವೆ; ಸೂರ್ಯನಿಗೆ ಎದುರಾಗಿ ಎದ್ದು ಬಣ್ಣ ಕಾಣದಿದ್ದರೆ ಬಂದೂಕನ್ನು ಇಳಿಸುತ್ತೇನೆ. ಹನ್ನೆರಡು ಬೋರಿನ ಬಂದೂಕಿನಲ್ಲಿ ಫೆಸೆಂಟ್‌ಗೆ ಐದು ಅಥವಾ ಆರನೆಯ ಸಂಖ್ಯೆಯ ಚರೆ ಸಾಕು. ಗಾಯಗೊಂಡ ಹುಂಜ ನಾಯಿಯಿಲ್ಲದವನ ಕೈಗೆ ಸಿಗುವುದು ಕಷ್ಟವಾದ್ದರಿಂದ, ದಟ್ಟ ಜೊಂಡಿನೊಳಗೆ ಬೀಳುವ ಹೊಡೆತವನ್ನು ನಾನು ಹೊಡೆಯುವುದೇ ಇಲ್ಲ. ಕೆಲವು ವನ್ಯಜೀವಿ ಪ್ರದೇಶಗಳಲ್ಲಿ ಸೀಸದ ಚರೆಗೆ ನಿಷೇಧವಿದೆ. ಅಲ್ಲಿಗೆ ಉಕ್ಕಿನ ಚರೆಯ ತೋಟಾಗಳನ್ನು ಬೇರೆಯೇ ಚೀಲದಲ್ಲಿಡುತ್ತೇನೆ.

ಲಾವಕ್ಕಿಯ ಲೆಕ್ಕ ಬೇರೆ. ಅದು ಒಂಟಿಯಲ್ಲ, ಹತ್ತು ಹದಿನೈದರ ಗುಂಪಾಗಿ ಚಳಿಗಾಲ ಕಳೆಯುತ್ತದೆ. ವಿಶಾಲ ಹುಲ್ಲಿನ ನಡುವೆ ಅದನ್ನು ಹುಡುಕುವುದು ವ್ಯರ್ಥ. ನೆಲದ ಮಟ್ಟದಲ್ಲಿ ಬಯಲಾಗಿದ್ದು ಮೇಲೆ ಮುಚ್ಚಿಕೊಂಡಿರುವ ಪೊದೆ ಅದಕ್ಕೆ ಬೇಕು. ಇಲ್ಲಿ ಅಂಥ ಪೊದೆಯೆಂದರೆ ಮರಳು ನೆಲದಲ್ಲಿ ಬೆಳೆಯುವ ಕಾಡು ಪ್ಲಮ್. ಬಗ್ಗಿ ನೋಡಿದಾಗ ಪೊದೆಯ ಅಡಿಯಲ್ಲಿ ಹಕ್ಕಿ ಓಡಾಡುವಷ್ಟು ಬರಿ ನೆಲ ಕಂಡರೆ ಮಾತ್ರ ಅದರ ಸುತ್ತ ನಡೆಯುತ್ತೇನೆ. ರಾತ್ರಿ ಗುಂಪು ಬಾಲಗಳನ್ನು ಒಳಗೂ ತಲೆಗಳನ್ನು ಹೊರಗೂ ಮಾಡಿ ಚಕ್ರದ ಅರೆಗಳಂತೆ ಒತ್ತಿಕೊಂಡು ಕೂರುವುದರಿಂದ, ತಂಗಿದ ಜಾಗದ ನಡುವೆ ಹಿಕ್ಕೆಯ ಗುಪ್ಪೆ ಉಳಿಯುತ್ತದೆ. ಅದು ಹಸಿಯಾಗಿದ್ದರೆ ಗುಂಪು ಹತ್ತಿರದಲ್ಲೇ, ಬಹುಶಃ ಪಕ್ಕದ ಹೊಲದಂಚಿನ ಕಾಡು ಸೂರ್ಯಕಾಂತಿಯಲ್ಲೋ ರ‍್ಯಾಗ್‌ವೀಡ್ ಕಳೆಯಲ್ಲೋ ಮೇಯುತ್ತಿರುತ್ತದೆ. ಲಾವಕ್ಕಿಗೆ ಮಾತ್ರ ನಾನು ನಾಯಿಯಿರುವ ಸಹೋದ್ಯೋಗಿಯ ಜೊತೆ ಹೋಗುತ್ತೇನೆ. ಅವರ ಬ್ರಿಟನಿ ನಾಯಿ ಗಾಳಿಯಲ್ಲಿ ವಾಸನೆ ಹಿಡಿದು ಒಂದು ಮುಂಗಾಲನ್ನು ಎತ್ತಿ ನಿಂತ ಮೇಲೆ, ಗುಂಪಿಗೆ ಗುಂಪೇ ಕಾಲಡಿಯಿಂದ ಸಿಡಿದು ಏಳುತ್ತದೆ. ಆಗ ಎಲ್ಲದರ ಮೇಲೂ ಕಣ್ಣಿಟ್ಟರೆ ಒಂದೂ ಬೀಳದು, ಒಂದನ್ನೇ ಆರಿಸಿಕೊಳ್ಳಬೇಕು. ಇದಕ್ಕೆ ಏಳೂವರೆ ಅಥವಾ ಎಂಟನೆಯ ಸಂಖ್ಯೆಯ ಸಣ್ಣ ಚರೆ, ಚರೆ ಅಗಲವಾಗಿ ಹರಡುವಂತೆ ತೆರೆದ ಚೋಕ್ (ನಳಿಗೆಯ ತುದಿಯ ಕಿರಿದಾಗಿಸುವ ಭಾಗ). ಒಂದು ಗುಂಪಿನಿಂದ ಎರಡೋ ಮೂರೋ ತೆಗೆದುಕೊಂಡು ಬಿಟ್ಟುಬಿಡುತ್ತೇವೆ. ಚದುರಿದ ಹಕ್ಕಿಗಳು ಕತ್ತಲಾಗುವ ಮೊದಲು ಕೂಡಿಕೊಳ್ಳದಿದ್ದರೆ ಚಳಿ ತಡೆಯುವುದು ಕಷ್ಟವಾದ್ದರಿಂದ, ಸೂರ್ಯಾಸ್ತದ ತನಕ ಕಾನೂನು ಅವಕಾಶ ಕೊಟ್ಟರೂ ಲಾವಕ್ಕಿಯ ಬೇಟೆಯನ್ನು ಒಂದು ಗಂಟೆ ಮೊದಲೇ ನಿಲ್ಲಿಸುತ್ತೇವೆ.

ಹಂಗಾಮಿನ ಮೊದಲ ಶನಿವಾರ ಭಾನುವಾರಗಳಲ್ಲಿ ನಾನು ಹೋಗುವುದಿಲ್ಲ. ಪಕ್ಕದ ರಾಜ್ಯಗಳ ವಾಹನಗಳೆಲ್ಲ ಆಗ ಇಲ್ಲಿರುತ್ತವೆ. ವಾರದ ನಡುವೆ, ಹಿಮ ಬಿದ್ದ ಮರುದಿನ ರಜೆ ಹಾಕಿ ಹೋಗುವುದೇ ನನ್ನ ಪದ್ಧತಿ. ಹಿಮದಲ್ಲಿ ಹೆಜ್ಜೆಗುರುತು ಕಾಣುತ್ತದೆ, ಹಕ್ಕಿ ದಟ್ಟ ಆಸರೆಗೆ ಒತ್ತರಿಸಿ ಹತ್ತಿರದಿಂದ ಏಳುತ್ತದೆ. ಪಶ್ಚಿಮ ಭಾಗದಲ್ಲಿ ವೃತ್ತಾಕಾರವಾಗಿ ತಿರುಗುವ ನೀರಾವರಿ ಯಂತ್ರ ತಲುಪದ ಹೊಲದ ಮೂಲೆಗಳು ಬೀಳು ಬಿದ್ದಿರುತ್ತವೆ. ಒಂದು ಎಕರೆಯೂ ಇರದಂತೆ ಕಾಣುವುದರಿಂದ ಹೆಚ್ಚಿನವರು ಅವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಅಂಥ ಮೂಲೆ ಗುತ್ತಿಗೆಯ ಗಡಿಯೊಳಗಿದೆಯೆಂದು ಫೋನಿನ ನಕ್ಷೆಯಲ್ಲಿ ಖಚಿತಪಡಿಸಿಕೊಂಡು ಒಳಗೆ ಕಾಲಿಡುತ್ತೇನೆ.

ಹೊಡೆದ ಫೆಸೆಂಟನ್ನು ಸ್ವಚ್ಛಗೊಳಿಸಿದ ಮೇಲೂ ಅದು ಹುಂಜವೆಂದು ತೋರಿಸಲು ಕಾಲು, ತಲೆ, ರೆಕ್ಕೆಪುಕ್ಕ ಇವುಗಳಲ್ಲಿ ಒಂದನ್ನಾದರೂ ಮನೆ ಸೇರುವ ತನಕ ಹಕ್ಕಿಯಲ್ಲೇ ಉಳಿಸಿರಬೇಕು. ಮನೆಗೆ ಬಂದ ಮೇಲೆ ನಕ್ಷೆಯಲ್ಲಿ ಹಕ್ಕಿ ಎದ್ದ ಜಾಗ, ಹೊತ್ತು, ಗಾಳಿಯ ದಿಕ್ಕು, ಚೀಲದಲ್ಲಿದ್ದ ಕಾಳು ಇವಿಷ್ಟನ್ನು ಬರೆದಿಡುತ್ತೇನೆ. ಲಾವಕ್ಕಿಗಳಲ್ಲಿ ಹೆಚ್ಚಿನವು ಒಂದು ವರ್ಷ ಪೂರ್ತಿ ಬದುಕುವುದಿಲ್ಲ. ಆದರೂ ಪೊದೆ ಮತ್ತು ಪಕ್ಕದ ಹೊಲ ಹಾಗೆಯೇ ಇದ್ದರೆ ಬೇರೊಂದು ಗುಂಪು ಮರುವರ್ಷ ಅದೇ ಪ್ಲಮ್ ಪೊದೆಯಲ್ಲಿ ಸೇರಿಕೊಂಡಿರುತ್ತದೆ. ಗುತ್ತಿಗೆ ಮುಂದುವರಿದಿದೆಯೇ, ಹುಲ್ಲು ಉಳಿದಿದೆಯೇ ಎಂಬುದನ್ನಷ್ಟೇ ಹೊಸ ಅಟ್ಲಾಸ್ ಬಂದಾಗ ಮತ್ತೆ ನೋಡಬೇಕಾಗುತ್ತದೆ.