ಗಂಡಭೇರುಂಡ ಕಾಯುವ ಮೆಟ್ಟಿಲು: ಗೇಮಿನಲ್ಲಿ ಜಿಗಿತ ಕೂರಿಸಿದ್ದು

ಮನೆ ಮಂದಿಯೆಲ್ಲ ಕೂತು ಆಡುವ ಪ್ಲಾಟ್‌ಫಾರ್ಮ್ ಗೇಮ್, ಅಂದರೆ ಪಾತ್ರವನ್ನು ಜಿಗಿಸುತ್ತ ಮುಂದೆ ಸಾಗುವ ಆಟ, ಬೇಕಿತ್ತು. ಗುಂಡು, ರಕ್ತ, ‘ಗೇಮ್ ಓವರ್’ ಯಾವುದೂ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಮೈಸೂರಿನವರಿಗೆ ಲೆವೆಲ್ ಹುಡುಕುವ ಕಷ್ಟವಿಲ್ಲ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದ್ದೇ ಇವೆ. ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿಯ ಹತ್ತಿರ ಬೆಟ್ಟ ಹತ್ತುವವರು ಕೂತು ಸುಧಾರಿಸಿಕೊಳ್ಳುತ್ತಾರಲ್ಲ, ಗೇಮಿನಲ್ಲೂ ಅದೇ ಚೆಕ್‌ಪಾಯಿಂಟ್, ಅಲ್ಲಿಯವರೆಗೆ ಆಡಿದ್ದು ಉಳಿಯುವ ಜಾಗ. ಕೆಳಗೆ ಬಿದ್ದರೆ ಗಂಡಭೇರುಂಡ ಎತ್ತಿ ತಂದು ಹಿಂದಿನ ಮೆಟ್ಟಿಲ ಮೇಲೆ ಬಿಡುತ್ತದೆ. ಅದರ ಎರಡೂ ತಲೆ ಒಂದಕ್ಕೊಂದು ಜಗಳವಾಡುವ ಹಾಗೆ ಬರೆದೆ. ಮಕ್ಕಳು ಅದನ್ನು ನೋಡೋಕೇ ಬೇಕಂತ ಬೀಳುತ್ತವೆ.

ಗೇಮ್ ಕಟ್ಟುವ ತಂತ್ರಾಂಶ ಗೊಡೊ ಎಂಜಿನ್ ಬಳಸಿದೆ. ಕಾಸು ಕೇಳುವುದಿಲ್ಲ, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಲೆವೆಲ್ ಜೋಡಿಸುವ 16 ಪಿಕ್ಸೆಲ್ ಚೌಕದ ತುಂಡುಗಳ, ಅಂದರೆ ಟೈಲ್‌ಗಳ, ಚಿತ್ರ ಬೇಗ ಮುಗಿಯಿತು. ಹೊತ್ತು ತಿಂದದ್ದು ಜಿಗಿತ.

“ಒತ್ತಿದ್ನಲ್ಲೋ, ಯಾಕೆ ಎಗರ್ಲಿಲ್ಲ ಇದು?” ಅಂತ ಅಮ್ಮ ಕೇಳಿದರು. ಅವರು ಒತ್ತಿದ್ದು ನಿಜ. ಆದರೆ ಅಷ್ಟರಲ್ಲಿ ಪಾತ್ರ ಅಂಚು ದಾಟಿ ಎರಡು ಮೂರು ಫ್ರೇಮ್ (ಪರದೆಯ ಒಂದೊಂದು ಚಿತ್ರ) ಆಗಿತ್ತು. ಎಂಜಿನ್ ಲೆಕ್ಕದಲ್ಲಿ ಕಾಲ ಕೆಳಗೆ ನೆಲವಿಲ್ಲ. ಅದಕ್ಕೆ ನೆಲ ಬಿಟ್ಟ ಮೇಲೂ 0.1 ಸೆಕೆಂಡ್ ಜಿಗಿಯಲು ಬಿಟ್ಟೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಅದು ಆರು ಫ್ರೇಮ್. ನೆಲ ಮುಟ್ಟುವ ಮುಂಚೆಯೇ ಒತ್ತಿದರೆ ಅದನ್ನೂ ಅಷ್ಟೇ ಹೊತ್ತು ನೆನಪಿಟ್ಟುಕೊಂಡು, ಕಾಲೂರಿದ ಕೂಡಲೇ ಎಗರಿಸುತ್ತದೆ. ಆಡುವವರಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲ, ತಮ್ಮ ಕೈ ಪಳಗಿತು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ.

ಮಕ್ಕಳಿಗೆ, ದೊಡ್ಡವರಿಗೆ ಅಂತ ಕೆಲವರು ಗೇಮಿನ ವೇಗವನ್ನೇ ತಗ್ಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಆಟ ಸಪ್ಪೆಯಾಗುತ್ತದೆ. ನಾನು ಮಾಡಿದ್ದು ತಿರುವುಮುರುವು: ಇಳಿಯುವಾಗ ಗುರುತ್ವವನ್ನು ಏರುವಾಗಿನ ಒಂದೂವರೆ ಪಟ್ಟು ಮಾಡಿದೆ, ಗುಂಡಿಯನ್ನು ಬೇಗ ಬಿಟ್ಟರೆ ಮೇಲಕ್ಕೆ ಹೋಗುವ ವೇಗ ಅರ್ಧಕ್ಕಿಳಿಯುತ್ತದೆ. ಪಾತ್ರ ಗಾಳಿಯಲ್ಲಿ ತೇಲುವುದು ನಿಂತು, ಹೇಳಿದ ಮಾತು ಕೇಳತೊಡಗಿತು.

ಮೆಟ್ಟಿಲ ಎತ್ತರವನ್ನು ಮಾತ್ರ ಅಂದಾಜಿನಲ್ಲಿ ಇಡಬೇಡಿ. ಪಿಕ್ಸೆಲ್, ಸೆಕೆಂಡಿನ ಲೆಕ್ಕದಲ್ಲಿ ಜಿಗಿತದ ವೇಗ 300, ಗುರುತ್ವ 900 ಇಟ್ಟರೆ, ಎಷ್ಟೆತ್ತರ ಹಾರುತ್ತದೆ ಅಂತ ತಿಳಿಯಲು ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿ: 50 ಪಿಕ್ಸೆಲ್. ಮೂರು ಟೈಲ್ ಅಂದರೆ 48, ಕಷ್ಟಪಟ್ಟು ಹತ್ತಬಹುದು. ಹಾಗಾಗಿ ಮುಖ್ಯ ದಾರಿಯಲ್ಲಿ ಎರಡು ಟೈಲ್ ಮೀರಿಸಲಿಲ್ಲ. ಮೂರರ ಮೇಲೆ ಬೆಲ್ಲದಚ್ಚು ಅಡಗಿಸಿಟ್ಟೆ, ಆಸೆ ಇದ್ದವರು ಹತ್ತಲಿ.

ಅಮ್ಮ ಈಗ ನಂದಿಯವರೆಗೆ ಆರಾಮಾಗಿ ಹೋಗುತ್ತಾರೆ. ಅಲ್ಲಿಂದಾಚೆ ಕೋತಿಗಳು ಬಾಳೆಹಣ್ಣು ಕಿತ್ತುಕೊಳ್ಳುವ ಲೆವೆಲ್; ಅವುಗಳ ಹಾವಳಿ ಇನ್ನೊಂಚೂರು ತಗ್ಗಿಸಬೇಕಿದೆ.