ಖಾಲಿ ಬೀದಿಯಲ್ಲಿ ಎರಡು ಕಾಲು

ಹಳೇ ಬೀದಿ ಫೋಟೊಗಳನ್ನು ಕೆದಕುವುದು ನನ್ನ ಹುಚ್ಚು. ಅದಕ್ಕೆ ನನ್ನ ಬಳಿ ಇರುವ ಸಾಧನ ಒಂದು ಕಪ್ಪು ರಟ್ಟು, ನಡುವೆ ಅಂಚೆಚೀಟಿಯಷ್ಟು ತೂತು. ದೊಡ್ಡದಾಗಿ ಪ್ರಿಂಟ್ ತೆಗೆದು, ಆ ತೂತಿನಲ್ಲಿ ಮೂಲೆಯಿಂದ ಮೂಲೆಗೆ ನೋಡುತ್ತಾ ಹೋಗುತ್ತೇನೆ. ಇಡೀ ಚಿತ್ರ ಕಂಡರೆ ಕಣ್ಣು ಸುಮ್ನೆ ನಡುವಿಗೇ ಓಡುತ್ತದೆ.

ಫೋಟೊ ತೆಗೆಯುವ ವಿದ್ಯೆ ಕಂಡುಹಿಡಿದ ಮೊದಲಿಗರಲ್ಲೊಬ್ಬನಾದ ಡಾಗೇರ್ 1838ರಲ್ಲಿ ಪ್ಯಾರಿಸ್‌ನಲ್ಲಿ ತೆಗೆದ ಬುಲೆವಾರ್ ದು ಟೆಂಪ್ಲ್ ಎಂಬ ಬೀದಿಯ ಚಿತ್ರವನ್ನೂ ಹೀಗೇ ನೋಡಿದೆ. ಮೊದಲ ದಿನ ಸಿಕ್ಕಿದ್ದು ಮರಗಳ ಸಾಲು, ಹೊಗೆಗೂಡು, ಕಿಟಕಿ ಅಷ್ಟೇ. ನಾಟಕಶಾಲೆಗಳಿಂದ ಗಿಜಿಗುಡುತ್ತಿದ್ದ ಬೀದಿ ಅದು, ಜನರೇ ಇಲ್ಲ! ಆಗ ಚಿತ್ರ ಮೂಡುತ್ತಿದ್ದದ್ದು ಲೋಹದ ತಟ್ಟೆಯ ಮೇಲೆ, ಅದು ಕೆಲವು ನಿಮಿಷ ಬೆಳಕು ಕುಡಿಯಬೇಕಿತ್ತು. ಅಷ್ಟರಲ್ಲಿ ನಡೆದುಹೋದವರು, ಓಡಿದ ಗಾಡಿಗಳು ಯಾವುದೂ ಅದರಲ್ಲಿ ನಿಲ್ಲಲಿಲ್ಲ.

ಎರಡನೇ ದಿನ ರಟ್ಟು ಎಡಗಡೆ ಕೆಳಮೂಲೆಗೆ ಬಂತು. ಅಲ್ಲೊಬ್ಬ ನಿಂತಿದ್ದ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಸ್ವಲ್ಪ ಮೇಲಕ್ಕೆ. ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತಿದ್ದಾನೆ. ಎದುರಿಗೆ ಬಗ್ಗಿ ಕೂತವನು ಬರೀ ಮಸುಕು ಮುದ್ದೆ, ಪಾಪ, ಕೈ ಆಡಿಸುತ್ತಲೇ ಇದ್ದನಲ್ವಾ. 1839ರಲ್ಲಿ ಇದನ್ನು ನೋಡಿದ ಸ್ಯಾಮ್ಯುಯೆಲ್ ಮೋರ್ಸ್ (ಟೆಲಿಗ್ರಾಫ್‌ನವನೇ) ಇವನ ಬೂಟು, ಕಾಲು ಚೆನ್ನಾಗಿ ಬಂದಿವೆ, ಮೈ ತಲೆ ಅಲುಗಾಡಿದ್ದರಿಂದ ಬಂದಿಲ್ಲ ಎಂದು ಬರೆದಿದ್ದ. ನನ್ನ ಪ್ರಿಂಟ್‌ನಲ್ಲಿ ಮೈಯೂ ನೆರಳಿನಂತೆ ಇದೆ. ಆದರೆ ಕಾಲಿನ ಗಟ್ಟಿತನ ಅದಕ್ಕಿಲ್ಲ, ಅದಂತೂ ನಿಜ.

ಆಮೇಲೆ ನಾನು ಪೆದ್ದನಾದೆ. ಅವನು ನಿಂತ ಜಾಗ ಹುಡುಕೋಣ ಎಂದು ಹಳೇ ನಕ್ಷೆ ಹರಡಿಕೊಂಡು ಅರ್ಧ ದಿನ ಕೂತೆ. ಏನೂ ಹೊಂದಲಿಲ್ಲ. ಕೊನೆಗೆ ಹೊಳೆಯಿತು: ಡಾಗೇರ್ ತಟ್ಟೆಯಲ್ಲಿ ಚಿತ್ರ ಕನ್ನಡಿಯಂತೆ ಎಡಬಲ ತಿರುಗಿ ಮೂಡುತ್ತದೆ. ಪ್ರಿಂಟ್ ತಿರುಗಿಸಿ ಬೆಳಕಿಗೆ ಹಿಡಿದೆ, ಬೀದಿ ನಕ್ಷೆಗೆ ಕೂತಿತು. ಬೀದಿ ಫೋಟೊದಲ್ಲಿ ಅಂಗಡಿ ಬೋರ್ಡ್ ಇದ್ದರೆ ಈಗ ಮೊದಲು ಅದರ ಅಕ್ಷರ ನೋಡುತ್ತೇನೆ. ಬೋರ್ಡ್ ಇಲ್ಲದಿದ್ದರೆ ನಕ್ಷೆಯೇ ಗತಿ.

ಇನ್ನೊಂದು ಎಚ್ಚರಿಕೆ. ಮೂಲ ತಟ್ಟೆ ಸ್ವಚ್ಛ ಮಾಡಲು ಹೋಗಿ ಹಾಳಾಗಿದೆ. ನಾವು ನೋಡುವುದು ಅದಕ್ಕೂ ಮೊದಲು ತೆಗೆದ ಪ್ರತಿ. ಹಾಗಾಗಿ ಕಂಡ ಚುಕ್ಕೆಯನ್ನೆಲ್ಲ ಮನುಷ್ಯ ಅನ್ನಬಾರದು. ಕಿಟಕಿಯೊಂದರಲ್ಲಿ ಮಗು ಇದೆ ಅನ್ನುವವರಿದ್ದಾರೆ. ನಾನು ರಟ್ಟಿಟ್ಟು ನಾಲ್ಕು ಸಲ ನೋಡಿದೆ. ನನಗಂತೂ ಅದು ಧೂಳು.