ಪೆಟ್ಟಿಗೆಯಲ್ಲಿ ಸಿಕ್ಕ ಮೂರು ಸಂಖ್ಯೆಗಳು

ನಮ್ಮ ರೋಟರಿ ಕ್ಲಬ್ಬಿಗೆ ಐವತ್ತು ತುಂಬಿದಾಗ ಸ್ಮರಣ ಸಂಚಿಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಉಡುಪಿ ಕಡೆಯ ಸಣ್ಣ ಊರಿನ ಕ್ಲಬ್ ನಮ್ಮದು. ಹಳೆಯ ನಡಾವಳಿ ಪುಸ್ತಕಗಳ ಹಾಳೆಗಳು ಎಷ್ಟೋ ಮಳೆಗಾಲಗಳ ತೇವಕ್ಕೆ ಅಂಟಿಕೊಂಡು ಬಿಡಿಸಲು ಬಾರದಂತಾಗಿದ್ದವು. ಉಳಿದದ್ದು ಒಂದು ತಗಡಿನ ಪೆಟ್ಟಿಗೆ. ಅದರ ತುಂಬ ಬೇರೆ ಕ್ಲಬ್ಬುಗಳೊಂದಿಗೆ ವಿನಿಮಯ ಮಾಡಿಕೊಂಡ ಪುಟ್ಟ ಬಟ್ಟೆಯ ಧ್ವಜಗಳು ಮತ್ತು ಪದಪ್ರದಾನ ಸಮಾರಂಭದ ಆಮಂತ್ರಣ ಪತ್ರಿಕೆಗಳು. ವಾರ, ತಾರೀಕು, ಗಂಟೆ ಎಲ್ಲ ಇದ್ದರೂ ಹೆಚ್ಚಿನವುಗಳಲ್ಲಿ ಇಸವಿಯೇ ಇರಲಿಲ್ಲ.

ಎರಡು ದಿನ ತಡಕಾಡಿದ ಮೇಲೆ ದಾರಿ ತೋರಿಸಿದ್ದು ಜಿಲ್ಲೆಯ ಸಂಖ್ಯೆ. ರೋಟರಿ ಜಿಲ್ಲೆಗೂ ಕಂದಾಯ ಜಿಲ್ಲೆಗೂ ಸಂಬಂಧವಿಲ್ಲ. ಹಲವು ಊರುಗಳ ಕ್ಲಬ್ಬುಗಳು ಒಬ್ಬ ಗವರ್ನರರ ಕೆಳಗೆ ಬರುತ್ತವೆ, ಆ ಗುಂಪಿಗೆ ಹೆಸರಿನ ಬದಲು ಸಂಖ್ಯೆ. ಮೊದಲು ನಮ್ಮದು 318. 1991ರ ಜುಲೈಯಲ್ಲಿ ರೋಟರಿ ಜಿಲ್ಲೆಗಳಿಗೆ ನಾಲ್ಕು ಅಂಕಿಗಳ ಸಂಖ್ಯೆ ಬಂದಾಗ ಕೊನೆಗೊಂದು ಸೊನ್ನೆ ಸೇರಿ 3180 ಆಯಿತು. ಮುಂದೆ ಅದೂ ಒಡೆದು 3181 ಮತ್ತು 3182 ಹುಟ್ಟಿದವು. ನೆಲದ ಮೇಲೆ ಚಾಪೆ ಹಾಸಿ ಎಲ್ಲವನ್ನೂ ಮೂರು ರಾಶಿ ಮಾಡಿದೆ. ಆಮೇಲೆ ಅಧ್ಯಕ್ಷ, ಕಾರ್ಯದರ್ಶಿಗಳ ಹೆಸರು ಹಿಡಿದು ಪ್ರತಿ ರಾಶಿಯೊಳಗೆ ವರ್ಷ ಗುರುತಿಸಿದೆ.

ಆ ಚಾಪೆಯ ಸುತ್ತ ಕುಳಿತವರ ಮಾತು ಕೇಳಿದಾಗ ನನಗೆ ಇನ್ನೊಂದು ಚರಿತ್ರೆ ಸಿಕ್ಕಿತು. ಹಿರಿಯ ಸದಸ್ಯರೊಬ್ಬರು 318 ಎಂದಿದ್ದ ಧ್ವಜವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಕೆಳಗಿಡಲಿಲ್ಲ. "ಇದು ನಾವು ಮಂಗಳೂರಿನವರ ಜೊತೆಗಿದ್ದಾಗಿನದು" ಎಂದರು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದಾಗಲೂ ರೋಟರಿಯಲ್ಲಿ ದಕ್ಷಿಣ ಕನ್ನಡದವರೂ ನಾವೂ ಒಂದೇ ಸಂಖ್ಯೆಯಲ್ಲಿ ಉಳಿದಿದ್ದೆವು. 3180 ಒಡೆದಾಗ ಅವರು ಮೈಸೂರು, ಕೊಡಗಿನವರೊಂದಿಗೆ 3181ಕ್ಕೆ ಹೋದರು. ನಾವು ಶಿವಮೊಗ್ಗ, ಚಿಕ್ಕಮಗಳೂರಿನವರೊಂದಿಗೆ 3182 ಆದೆವು. ಹಿರಿಯರಿಗೆ ಅದು ಮನೆ ಪಾಲಾದ ನೋವು. ಆದರೆ ಆಗುಂಬೆ ಘಾಟಿ ಹತ್ತಿ ಜಿಲ್ಲಾ ಸಮ್ಮೇಳನಗಳಿಗೆ ಹೋಗಿ ಬಂದ ಕಿರಿಯರಿಗೆ 3182 ಎಂಬುದೇ ತವರು. ಇಬ್ಬರ ಮಾತೂ ನಿಜವೆಂದೇ ನನಗೆ ತೋರಿತು. ಸಂಚಿಕೆಯ ಮುಖಪುಟದಲ್ಲಿ ಮೂರು ಸಂಖ್ಯೆಗಳನ್ನೂ ಅಚ್ಚು ಹಾಕಿಸಿದೆ.

ಅಮೆರಿಕದ ಹಳೆಯ ಕ್ಲಬ್ಬುಗಳಿಗೆ ಈ ಸಂಕಟವಿಲ್ಲ. ಅವು ಹುಟ್ಟಿದ ಕ್ರಮವನ್ನೇ ಹೆಸರಿಗೆ ಸೇರಿಸಿಕೊಂಡಿವೆ. 1905ರಲ್ಲಿ ಶಿಕಾಗೋದಲ್ಲಿ ಆರಂಭವಾದ ಮೊದಲ ಕ್ಲಬ್ ಈಗಲೂ 'ರೋಟರಿ ವನ್', ಸಿಯಾಟಲ್ ನಾಲ್ಕನೆಯದು, ಲಾಸ್ ಏಂಜಲೀಸಿನದು 'ಎಲ್‌ಎ 5'. ಜಿಲ್ಲೆ ಎಷ್ಟು ಬಾರಿ ಒಡೆದರೂ ಆ ಸಂಖ್ಯೆ ಕದಲುವುದಿಲ್ಲ. ನಮ್ಮಂಥ ಕ್ಲಬ್ಬಿಗೆ ಸ್ವಂತದ್ದೆಂದು ಹೇಳಿಕೊಳ್ಳಲು ಇರುವುದು ಅಧ್ಯಕ್ಷರ ಸಾಲಿನ ಕ್ರಮಸಂಖ್ಯೆ ಮಾತ್ರ. ಆ ಸಾಲಿನಲ್ಲಿಯೇ ನನಗೊಂದು ತೊಡಕು ಎದುರಾಯಿತು.

ಹದಿನಾಲ್ಕನೆಯ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ನಾಲ್ಕೇ ತಿಂಗಳಿಗೆ ತೀರಿಕೊಂಡಿದ್ದರು. ಉಳಿದ ಎಂಟು ತಿಂಗಳು ಉಪಾಧ್ಯಕ್ಷರು ನಡೆಸಿದರು. ಊರಿನ ಶಾಲೆಗೆ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಿದ್ದೂ ಅವರೇ. ಗೋಡೆಯ ಮೇಲಿನ ಫಲಕದಲ್ಲಿ ಅವರ ಹೆಸರಿಲ್ಲ. ಅವರಿಗೆ ಹದಿನೈದು ಎಂದು ಕೊಟ್ಟರೆ ಮುಂದಿನವರೆಲ್ಲ ಒಂದೊಂದು ಸ್ಥಾನ ಸರಿಯಬೇಕು. ಬೆಳ್ಳಿಹಬ್ಬದ ಇಪ್ಪತ್ತೈದನೆಯ ಅಧ್ಯಕ್ಷ ತಾವೆಂದು ಇಷ್ಟು ವರ್ಷ ಅಭಿಮಾನದಿಂದ ಹೇಳಿಕೊಂಡು ಬಂದವರನ್ನು ಇಪ್ಪತ್ತಾರನೆಯವರೆಂದು ಕರೆಯುವುದು ಹೇಗೆ?

ಸಂಖ್ಯೆ ವ್ಯಕ್ತಿಗಲ್ಲ, ವರ್ಷಕ್ಕೆ ಎಂದು ಸಭೆಯಲ್ಲಿ ಪ್ರಸ್ತಾಪವಿಟ್ಟೆ. ಜುಲೈಯಿಂದ ಜೂನ್‌ವರೆಗಿನ ರೋಟರಿ ವರ್ಷ ಒಂದಾದರೆ ಸಂಖ್ಯೆಯೂ ಒಂದು. ಎರಡು ವಾರ ಚರ್ಚೆ ನಡೆದು ಎಲ್ಲರೂ ಒಪ್ಪಿದರು. ಉಪಾಧ್ಯಕ್ಷರ ಭಾವಚಿತ್ರವನ್ನು ಅವರ ಮಗನೇ ತಂದುಕೊಟ್ಟರು. ಈಗ ಫಲಕದ 14ರ ಕೆಳಗೆ ಒಂದೇ ಚೌಕಟ್ಟಿನಲ್ಲಿ ಇಬ್ಬರ ಚಿತ್ರಗಳಿವೆ.